ಶಕ್ತಿ ಜಾಸ್ತಿ, ಸ್ವಂತ ನಿರ್ಧಾರ ಕಡಿಮೆ: ಫ್ಯಾಂಟಸಿ ಅನಿಮೆ ಪಾತ್ರಗಳಲ್ಲಿ ಇದನ್ನ ಅಳೆಯೋದು ಹೇಗೆ?

ನೀಲಿಅಂಚು:

ಮೊದಲೇ ಹೇಳಿಬಿಡ್ತೀನಿ, 'ಅಟ್ಯಾಕ್ ಆನ್ ಟೈಟನ್', 'ಮಡೋಕಾ ಮ್ಯಾಜಿಕಾ', 'ಫ್ರೀರೆನ್' ಮೂರರ ಗುಟ್ಟೂ ಇಲ್ಲಿ ಬಯಲಾಗುತ್ತೆ. ಉತ್ತರಗಳಲ್ಲಿ ಇನ್ನಷ್ಟು ಬರಬಹುದು. ನೋಡದವರು ಇಲ್ಲಿಗೇ ನಿಲ್ಲಿಸಿ.

ಯಾವ ಗುಂಪಿಗೆ ಹೋದರೂ ಚರ್ಚೆ ಒಂದೇ: ಯಾರು ಯಾರನ್ನ ಸೋಲಿಸ್ತಾರೆ. ಆ ಲೆಕ್ಕ ಸುಲಭ, ಅಳತೆಗೋಲನ್ನ ಕಥೆಯೇ ಕೊಟ್ಟಿರುತ್ತೆ. ನನಗೆ ಬೇಕಿರೋದು ಇನ್ನೊಂದು ಲೆಕ್ಕ. ಏಜೆನ್ಸಿ ಅಂತಾರಲ್ಲ, ಪಾತ್ರ ತಾನೇ ಯೋಚಿಸಿ, ತಾನೇ ಆರಿಸಿ, ಆ ಆಯ್ಕೆಯಿಂದ ಕಥೆ ತಿರುಗೋದು. ಅದನ್ನ ದೃಶ್ಯ ದೃಶ್ಯವಾಗಿ ಗುರುತಿಸೋಕೆ ಏನಾದರೂ ಕ್ರಮ ಇದೆಯಾ? 'ಈ ಪಾತ್ರಕ್ಕೆ ಏಜೆನ್ಸಿ ಇದೆ', 'ಅದಕ್ಕಿಲ್ಲ' ಅಂತ ಬರೆಯೋರು ಬಹಳ ಜನ. ಹೇಗೆ ಗೊತ್ತಾಯ್ತು ಅಂತ ಮಾತ್ರ ಯಾರೂ ಹೇಳಲ್ಲ.

ಒಂದು ಲೇಖನಕ್ಕೆ ಪಟ್ಟಿ ಮಾಡ್ತಿದ್ದೀನಿ. ಮೂರು ಕಡೆ ಗಂಟು ಬಿದ್ದಿದೆ:

ಎರೆನ್ ಯೇಗರ್, 'ಅಟ್ಯಾಕ್ ಆನ್ ಟೈಟನ್'ನ ನಾಯಕ. ಮುಂದೆ ನಡೆಯೋದು ಅವನಿಗೆ ಮೊದಲೇ ನೆನಪಾಗಿ ಬಂದಿದೆ. ಹಾಗಿದ್ದ ಮೇಲೆ ಅವನು ಮಾಡೋದು ನಿರ್ಧಾರವಾ, ಬರೆದಿಟ್ಟದ್ದನ್ನ ನಡೆಸೋದಾ?

ಹೊಮುರಾ. 'ಮಡೋಕಾ ಮ್ಯಾಜಿಕಾ'ದಲ್ಲಿ ಗೆಳತಿ ಮಡೋಕಾಳನ್ನ ಉಳಿಸೋಕೆ ಒಂದೇ ತಿಂಗಳನ್ನ ಮತ್ತೆ ಮತ್ತೆ ಬದುಕ್ತಾಳೆ. ಪ್ರತಿ ಸಲ ಅವಳೇ ಆರಿಸ್ತಾಳೆ, ಪ್ರತಿ ಸಲ ಸೋಲ್ತಾಳೆ. ಇವಳನ್ನ ಯಾವ ಸಾಲಿಗೆ ಹಾಕಲಿ?

ಮೂರನೇದು, 'ಶಕ್ತಿ ಬಿಟ್ಟುಕೊಟ್ಟವನೇ ನಿಜವಾಗಿ ಸ್ವತಂತ್ರ' ಅನ್ನೋ ಮಾತು. ಎಲ್ಲಾ ಕಡೆ ಓದಿದ್ದೀನಿ, ಒಪ್ಪೋಕೆ ಮನಸ್ಸು ಬರ್ತಿಲ್ಲ. ಶಕ್ತಿ ಕಳಕೊಂಡವರೆಲ್ಲ ಸ್ವತಂತ್ರರಾಗಿಬಿಡ್ತಾರಾ?

ಅರ್ಧಚಂದ್ರ:

ಕ್ರಮ ಇದೆ. ಅದಕ್ಕೆ ಬೇಕಾದ ಸಲಕರಣೆ ಕನ್ನಡ ವ್ಯಾಕರಣದಲ್ಲೇ ಇದೆ. ಏಜೆನ್ಸಿಗೆ ಕನ್ನಡದಲ್ಲಿ ಕರ್ತೃತ್ವ ಅನ್ನಬಹುದು. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅಂತ ಬಿಡಿಸ್ತಿದ್ದೆವಲ್ಲ, ಅದನ್ನೇ ದೃಶ್ಯಕ್ಕೆ ಹಚ್ಚಿ.

ಒಂದು ಕಂತು ತಗೊಳ್ಳಿ. ಆರಂಭದ ಹಾಡು, ಕೊನೆಯ ಹಾಡು ತಲಾ ಒಂದೂವರೆ ನಿಮಿಷ. ಅವನ್ನ ತೆಗೆದರೆ ಸುಮಾರು 20 ನಿಮಿಷ ಕಥೆ ಉಳಿಯುತ್ತೆ. ಅದರಲ್ಲಿ ಕಥೆ ನಿಜಕ್ಕೂ ತಿರುಗೋ ಜಾಗ ಐದಾರಕ್ಕಿಂತ ಹೆಚ್ಚಿರಲ್ಲ. ಜಾಹೀರಾತಿಗೆ ಅಂತ ನಡುವೆ ಒಡೆಯೋ ಜಾಗಕ್ಕೆ ಸ್ವಲ್ಪ ಮೊದಲು ಹೆಚ್ಚಾಗಿ ಒಂದು ತಿರುವು ಇರುತ್ತೆ, ಅಲ್ಲಿಂದ ಹುಡುಕೋಕೆ ಶುರು ಮಾಡಿ. ಪ್ರತಿ ತಿರುವಿಗೂ ಒಂದೇ ಒಂದು ವಾಕ್ಯ ಬರೀರಿ. ಬರೆದಾದ ಮೇಲೆ ಕ್ರಿಯಾಪದ ನೋಡಿ.

'ಅವನಿಗೆ ಶಕ್ತಿ ಬಂತು', 'ಅವಳಿಗೆ ಕೋಪ ಬಂತು': ಇಲ್ಲಿ ಪಾತ್ರಕ್ಕೆ 'ಗೆ' ಪ್ರತ್ಯಯ ಹತ್ತಿದೆ. ಬಂದದ್ದು ಶಕ್ತಿ, ಪಾತ್ರ ಬರೀ ಅದು ಬಂದು ಇಳಿದ ಜಾಗ. ಹೋರಾಟದ ಮಧ್ಯೆ ಕಣ್ಣು ಕೆಂಪಾಗಿ ಬಲ ಇಮ್ಮಡಿಸೋ ಬಹುಪಾಲು ದೃಶ್ಯಗಳು ಈ ಗುಂಪಿಗೇ ಸೇರುತ್ತವೆ. ನೋಡೋಕೆ ರೋಮಾಂಚನ ಆಗುತ್ತೆ, ನಿಜ. ಕರ್ತೃತ್ವದ ಲೆಕ್ಕಕ್ಕೆ ಮಾತ್ರ ಸೊನ್ನೆ.

'ಅವಳು ಒಡೆದಳು', 'ಅವನು ಒಲ್ಲೆ ಅಂದ': ಪಾತ್ರವೇ ಕರ್ತೃ. ಇವನ್ನ ಪಕ್ಕಕ್ಕೆ ತೆಗೆದಿಡಿ.

'ಅವನು ಕೊಲ್ಲಿಸಿದ', 'ಅವಳ ಕೈಯಲ್ಲಿ ಮಾಡಿಸಿದರು': ಇಲ್ಲಿ 'ಇಸು' ಬಂದಿದೆ. ಮಾಡಿದವರು ಒಬ್ಬರು, ಮಾಡಿಸಿದವರು ಇನ್ನೊಬ್ಬರು. ಈ ಗುಂಪಲ್ಲೇ ಹೆಚ್ಚು ಹೊತ್ತು ಕಳೀಬೇಕು, ಫ್ಯಾಂಟಸಿಯ ಒಳ್ಳೊಳ್ಳೆ ಕಥೆಗಳೆಲ್ಲ ಇಲ್ಲೇ ನಡೆಯೋದು.

ಎಡವೋದು ಸಬ್‌ಟೈಟಲ್ ನೋಡಿ ವಾಕ್ಯ ಬರೆದಾಗ. ಜಪಾನಿ ಮಾತಲ್ಲಿ ಕರ್ತೃಪದವನ್ನ ಹೇಳದೆ ಬಿಡೋದು ಸಾಮಾನ್ಯ, ಇಂಗ್ಲಿಷ್ ಸಬ್‌ಟೈಟಲ್ ಅಲ್ಲೊಂದು 'ನಾನು' ತಂದು ಕೂರಿಸುತ್ತೆ. ಕಿವಿ ಕೊಟ್ಟು ಕೇಳಿ. ಕ್ರಿಯಾಪದದ ತುದಿಯಲ್ಲಿ 'ಸಸೆರು' ಬಂದರೆ ನಮ್ಮ 'ಇಸು', 'ರರೆರು' ಬಂದರೆ ಹೆಚ್ಚಾಗಿ ಕರ್ಮಣಿ, 'ಸಸೆರರೆರು' ಬಂದರೆ 'ಬೇಡದಿದ್ದರೂ ನನ್ನ ಕೈಯಲ್ಲಿ ಮಾಡಿಸಿದರು'. ಇನ್ನೊಂದು ಇದೆ, 'ತೆ ಶಿಮೌ'. ಅದು ಹೆಚ್ಚುಕಮ್ಮಿ ನಮ್ಮ 'ಬಿಡು': ಮಾಡಿಬಿಟ್ಟೆ, ಹೇಳಿಬಿಟ್ಟೆ, ಕೊಂದುಬಿಟ್ಟೆ. ಆಗಬಾರದ್ದು ಆಗಿಹೋಯ್ತು ಅನ್ನೋ ದನಿ. ಇಂಗ್ಲಿಷಿನಲ್ಲಿ ಈ ದನಿ ಪೂರ್ತಿ ಉದುರಿಹೋಗುತ್ತೆ, ಕನ್ನಡಕ್ಕೆ ಹಾಗೇ ಬರುತ್ತೆ. ಈ ಕೆಲಸಕ್ಕೆ ನಮ್ಮ ಭಾಷೆ ಇಂಗ್ಲಿಷಿಗಿಂತ ಎಷ್ಟೋ ಒಳ್ಳೆಯದು ಅನ್ನೋದು ನನ್ನ ಗಟ್ಟಿ ನಂಬಿಕೆ.

ಕರ್ತೃ ಸಿಕ್ಕ ಮೇಲೆ ಎರಡನೇ ಪ್ರಶ್ನೆ: ಆ ಪಾತ್ರಕ್ಕೆ 'ಒಲ್ಲೆ' ಅನ್ನೋಕೆ ದಾರಿ ಇತ್ತಾ? ಇತ್ತು ಅಂತ ಅದಕ್ಕೆ ಗೊತ್ತಿತ್ತಾ?

ಇದಕ್ಕೆ 'ಅಟ್ಯಾಕ್ ಆನ್ ಟೈಟನ್'ನ ಹಿಸ್ಟೋರಿಯಾ ದೃಶ್ಯಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮೂರನೇ ಸೀಸನ್, 2018. ನೆಲದಡಿಯ ಹೊಳೆಯೋ ಹರಳಿನ ಗುಹೆ. ಎರೆನ್ ಸರಪಳಿಯಲ್ಲಿ ತೂಗ್ತಿದ್ದಾನೆ. ರಾಜವಂಶದ ಅಪ್ಪ ರಾಡ್ ರೈಸ್ ಮಗಳು ಹಿಸ್ಟೋರಿಯಾಳ ಕೈಗೆ ಸಿರಿಂಜ್ ಕೊಡ್ತಾನೆ: ಚುಚ್ಚಿಕೊ, ಟೈಟನ್ (ಮನುಷ್ಯರನ್ನ ತಿನ್ನೋ ದೈತ್ಯ) ಆಗು, ಎರೆನ್‌ನ ತಿನ್ನು, ಅವನೊಳಗಿರೋ ಫೌಂಡಿಂಗ್ ಟೈಟನ್ ನಿನ್ನದಾಗುತ್ತೆ. ಆ ಲೋಕದ ಅತಿ ದೊಡ್ಡ ಶಕ್ತಿ ಅದು. ಅಪ್ಪ ಬಾ ಅಂತಾನೆ, ವಂಶದ ಕಥೆ ಬಾ ಅನ್ನುತ್ತೆ, ತಿನ್ನಿಸಿಕೊಳ್ಳಬೇಕಾದ ಎರೆನ್ನೇ ಅಳುತ್ತಾ ಮುಗಿಸಿಬಿಡು ಅಂತಾನೆ. ಎಲ್ಲಾ ಒಂದೇ ಕಡೆಗೆ ತಳ್ಳುತ್ತಿದೆ. ಅವಳು ಸಿರಿಂಜನ್ನ ನೆಲಕ್ಕೆ ಬಡಿದು ಒಡೀತಾಳೆ. ತಡೆಯೋಕೆ ಬಂದ ಅಪ್ಪನನ್ನ ಎತ್ತಿ ಎಸೀತಾಳೆ. ಹೋಗಿ ಎರೆನ್ ಸರಪಳಿ ಬಿಚ್ಚೋಕೆ ಕೂರ್ತಾಳೆ.

ಆ ಶಕ್ತಿ ತಗೊಂಡಿದ್ದರೆ ಏನಾಗ್ತಿತ್ತು? ರಾಜವಂಶದವರು ಫೌಂಡಿಂಗ್ ಟೈಟನ್ ಪಡೆದ ಕೂಡಲೇ ಮೊದಲ ಅರಸನ ಶಪಥ ಅವರನ್ನ ಹಿಡಿದುಕೊಳ್ಳುತ್ತೆ. ಯುದ್ಧ ಮಾಡುವಂತಿಲ್ಲ, ಆ ಶಕ್ತಿಯನ್ನ ಅದಕ್ಕೆ ಬಳಸುವಂತಿಲ್ಲ. ಪಡೆದವರ ಬಾಯಲ್ಲಿ ಸತ್ತ ಅರಸನ ಇಚ್ಛೆಯೇ ಮಾತಾಡುತ್ತೆ. ಶಕ್ತಿ ನೂರು, ಕರ್ತೃತ್ವ ಸೊನ್ನೆ. ಇನ್ನು ರಾಡ್ ನೋಡಿ, ಅಷ್ಟು ವರ್ಷ ತಾನು ಬೇಡ ಅಂದದ್ದನ್ನ ಕೊನೆಗೆ ನೆಲದ ಮೇಲೆ ಚೆಲ್ಲಿದ್ದನ್ನ ನೆಕ್ಕಿ ಪಡೀತಾನೆ. ಮನೆಗಳಿಗಿಂತ ದೊಡ್ಡ ಟೈಟನ್ ಆಗ್ತಾನೆ, ಆದರೆ ಬುದ್ಧಿಯಿಲ್ಲದೆ ತೆವಳಿಕೊಂಡು ಹೋಗ್ತಾನೆ. ಅಪ್ಪ ಮಗಳಿಬ್ಬರನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ, ಲೇಖನ ಅರ್ಧ ಮುಗಿದ ಹಾಗೆ.

ಕೆಂಪುಹೆಂಚು:

ಅರ್ಧಚಂದ್ರ ಅವರ ಎರಡನೇ ಪ್ರಶ್ನೆಯ ಬಾಲ ಇದೆಯಲ್ಲ, 'ಗೊತ್ತಿತ್ತಾ' ಅನ್ನೋದು, ಅದನ್ನ ಬೇರೆಯೇ ಪ್ರಶ್ನೆ ಮಾಡಿ ಮಾರಾಯ್ರೆ. ಮಡೋಕಾ ನೋಡಬೇಕಾದರೆ ಅದೇ ಮುಖ್ಯ.

ಕ್ಯೂಬೇ ಅಂದರೆ ಹುಡುಗಿಯರ ಒಂದು ಕೋರಿಕೆ ಈಡೇರಿಸಿ, ಬದಲಿಗೆ ಅವರನ್ನು ಮಾಟಗಾತಿಯರ ವಿರುದ್ಧ ಹೋರಾಡುವ ಮಾಯಾಹುಡುಗಿಯರನ್ನಾಗಿ ಮಾಡುವ ಜೀವಿ. ಅದು ಯಾರನ್ನೂ ಬಲವಂತ ಮಾಡುವುದಿಲ್ಲ. ಸುಳ್ಳೂ ಹೇಳುವುದಿಲ್ಲ. ಕೇಳದೆ ಇದ್ದದ್ದನ್ನು ಹೇಳುವುದಿಲ್ಲ, ಅಷ್ಟೇ. ಮಡೋಕಾಳ ಗೆಳತಿ ಸಯಾಕಾಳದ್ದು ವಾಕ್ಯ ಬರೆದು ನೋಡಿದರೆ 'ಸಯಾಕಾ ಒಪ್ಪಂದ ಮಾಡಿಕೊಂಡಳು', ಕರ್ತೃ ಅವಳೇ, ಒಲ್ಲೆ ಅನ್ನುವ ದಾರಿಯೂ ತೆರೆದೇ ಇತ್ತು. ಎರಡು ಪರೀಕ್ಷೆಯೂ ಪಾಸು! ಆದರೂ ಅದು ಪೂರ್ತಿ ಅವಳ ನಿರ್ಧಾರ ಅಂತ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಯಾಕೆಂದರೆ ಬೆಲೆ ಏನೆಂದು ಅವಳಿಗೆ ತಿಳಿಯುವುದು ಆರನೇ ಕಂತಿನಲ್ಲಿ, ಸೇತುವೆಯ ಮೇಲೆ. ಮಡೋಕಾ ಒಳ್ಳೆಯ ಮನಸ್ಸಿನಿಂದಲೇ ಒಪ್ಪಂದದ ದಿನ ಸಿಕ್ಕ ಅವಳ ಸೋಲ್ ಜೆಮ್ ಅನ್ನುವ ಕಲ್ಲನ್ನು ಕಿತ್ತು ಕೆಳಗೆ ಎಸೆಯುತ್ತಾಳೆ, ಅದು ಹೋಗುತ್ತಿದ್ದ ಲಾರಿಯ ಮೇಲೆ ಬೀಳುತ್ತದೆ, ಸಯಾಕಾ ಅಲ್ಲೇ ಹೆಣದ ಹಾಗೆ ಕುಸಿಯುತ್ತಾಳೆ. ಆಗ ಕ್ಯೂಬೇ ತಣ್ಣಗೆ ವಿವರಿಸುತ್ತದೆ: ಪ್ರಾಣ ಇರುವುದು ಆ ಕಲ್ಲಿನಲ್ಲಿ, ಅಲ್ಲಿಂದ ದೇಹವನ್ನು ನಡೆಸಲಿಕ್ಕೆ ಆಗುವುದು 100 ಮೀಟರ್ ಒಳಗೆ ಮಾತ್ರ. ಈ ಮಾತು ಒಪ್ಪಂದದ ದಿನವೇ ಬಂದಿದ್ದರೆ ಅವಳು ಒಪ್ಪುತ್ತಿದ್ದಳೋ ಇಲ್ಲವೋ, ಅದನ್ನು ಆರಿಸುವ ಅವಕಾಶವನ್ನೇ ಅವಳಿಂದ ತೆಗೆದುಬಿಟ್ಟರು.

ಹಾಗಾಗಿ ಪ್ರತಿ ಒಪ್ಪಂದದ ದೃಶ್ಯಕ್ಕೂ ಮೂರು ಬದಿಟಿಪ್ಪಣಿ ಹಾಕಿ: ಬೆಲೆ ನಿಗದಿ ಮಾಡಿದವರು ಯಾರು, ಪಾತ್ರಕ್ಕೆ ಅದು ಎಷ್ಟನೇ ಕಂತಿನಲ್ಲಿ ತಿಳಿಯಿತು, ತಿಳಿದ ಮೇಲೆ ಹಿಂದೆ ಬರಲಿಕ್ಕೆ ಆಗುತ್ತಿತ್ತಾ. ಸಯಾಕಾಗೆ ಈ ಮೂರೂ ಅವಳ ವಿರುದ್ಧ. ಎಂಟನೇ ಕಂತಿನಲ್ಲಿ ಅವಳು ಮಾಟಗಾತಿಯಾಗಿ ಬದಲಾಗುವುದು ಅಲ್ಲಿಗೆ ತಲುಪಿದ್ದರ ಫಲ.

ಈಗ ಮಡೋಕಾ ನೋಡಿ. ಸರಣಿಗೆ ಅವಳದೇ ಹೆಸರು, 12 ಕಂತು, ಆದರೆ ಆ ಕಾಲರೇಖೆಯಲ್ಲಿ ಅವಳು ಒಪ್ಪಂದಕ್ಕೆ ಕೈಹಾಕುವುದು ಕಟ್ಟಕಡೆಯ ಕಂತಿನಲ್ಲಿ. ಹನ್ನೊಂದು ಕಂತು ಏನೂ ಮಾಡದೆ ಅಳುತ್ತಾ ಕೂರುತ್ತಾಳೆ ಅಂತ ದೂರುವವರಿದ್ದಾರೆ. ಆ ಹನ್ನೊಂದು ಕಂತಿನಲ್ಲಿ ಅವಳು ಬೆಲೆಪಟ್ಟಿ ಪೂರ್ತಿ ಓದುತ್ತಿದ್ದಾಳೆ! ಹಿರಿಯ ಮಾಯಾಹುಡುಗಿ ಮಾಮಿಯ ಸಾವು, ಸೋಲ್ ಜೆಮ್, ಮಾಟಗಾತಿಯರ ಹುಟ್ಟು, ಹೊಮುರಾಳ ಕಥೆ, ಎಲ್ಲಾ ತಿಳಿದ ಮೇಲೆ ಬಾಯಿ ತೆರೆಯುತ್ತಾಳೆ. ಅವಳ ಕೋರಿಕೆಯ ಪದಗಳನ್ನು ಗಮನಿಸಿ. ಮಾಟಗಾತಿಯರು ಇಲ್ಲದಾಗಲಿ ಅಂತ ಕೇಳುವುದಿಲ್ಲ. ಹಿಂದಿನ, ಮುಂದಿನ ಎಲ್ಲಾ ಮಾಟಗಾತಿಯರನ್ನೂ ಹುಟ್ಟುವ ಮೊದಲೇ 'ಈ ನನ್ನ ಕೈಯಿಂದ' ಅಳಿಸಬೇಕು ಅನ್ನುತ್ತಾಳೆ. 'ಈ ಕೈಯಿಂದ' ಅನ್ನುವುದು ಮೂಲದಲ್ಲೇ ಇದೆ, 'ಕೊನೊ ತೆ ದೆ'. ವಾಕ್ಯದಲ್ಲಿ ತನ್ನನ್ನು ತಾನೇ ಕರ್ತೃವಾಗಿ ಕೂರಿಸಿಕೊಂಡದ್ದು ಅವಳು. ಅಷ್ಟು ಶಕ್ತಿ ಅವಳಿಗೆ ಬಂದದ್ದು ಹೊಮುರಾಳ ಮರಳಿಕೆಗಳಿಂದ, ಅದರಲ್ಲಿ ಮಡೋಕಾಳದ್ದು ಏನೂ ಇಲ್ಲ. ವಾಕ್ಯ ಮಾತ್ರ ಅವಳದ್ದು.

ಹೊಮುರಾಳನ್ನು ಯಾವ ಸಾಲಿಗೆ ಅಂತ ಕೇಳಿದಿರಿ. ನನ್ನ ಪ್ರಕಾರ ಮೇಲಿನ ಸಾಲಿಗೇ. ಅಂದುಕೊಂಡ ಫಲ ಸಿಗದಿದ್ದರೆ ಕರ್ತೃತ್ವ ಇರಲಿಲ್ಲ ಅಂತ ಬರೆಯಬೇಡಿ, ಬಹಳ ಮಂದಿ ಎಡವುವುದು ಅಲ್ಲೇ. ಕಾಲವನ್ನು ಹಿಂದಕ್ಕೆ ಸರಿಸುವ ಗುರಾಣಿ ತಿರುಗಿಸುವುದು ಪ್ರತಿ ಸಲ ಅವಳೇ, ಯಾರೂ ಅವಳ ಕೈಯಲ್ಲಿ ಮಾಡಿಸಲಿಲ್ಲ. ಅವಳ ಕರ್ತೃತ್ವ ನಿಜವಾಗಿ ಮುಗಿಯುವ ಕ್ಷಣ ಒಂದಿದೆ, ಹನ್ನೊಂದನೇ ಕಂತಿನ ಕೊನೆ. ಅವಶೇಷದ ಕೆಳಗೆ ಸಿಕ್ಕಿಬಿದ್ದು ಗುರಾಣಿಗೆ ಕೈ ಹಾಕುತ್ತಾಳೆ, ಕೈ ನಿಂತುಬಿಡುತ್ತದೆ. ತಿರುಗಿಸಿದರೆ ಮಡೋಕಾಳ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ, ತಿರುಗಿಸದಿದ್ದರೆ ಇಷ್ಟು ದಿನದ್ದೆಲ್ಲ ವ್ಯರ್ಥ. ಸೋಲ್ ಜೆಮ್ ಕಪ್ಪಾಗಲಿಕ್ಕೆ ಶುರುವಾಗುವುದು ಆ ನಿಂತ ಕೈಯಿಂದ. ಆ ಚೌಕಟ್ಟನ್ನು ನಿಲ್ಲಿಸಿ ಒಮ್ಮೆ ನೋಡಿ.

ಸುರಗಿ:

ಅರ್ಧಚಂದ್ರ ಅವರ ವ್ಯಾಕರಣದ ದಾರಿ ನನಗೆ ತುಂಬಾ ಹಿಡಿಸಿತು. ಆದರೆ ಅದು ಕೈಕೊಡುವ ಜಾಗಗಳಿವೆ, ಅವನ್ನೂ ಗುರುತು ಹಾಕಿಕೊಳ್ಳಿ.

'ಫೇಟ್ ಝೀರೋ'ದಲ್ಲಿ ಪ್ರತಿ ಮಾಸ್ಟರ್ (ಯೋಧನೊಬ್ಬನ ಆತ್ಮವನ್ನು ಕರೆಸಿಕೊಂಡ ಮಾಂತ್ರಿಕ) ಕೈಯಲ್ಲೂ ಮೂರು ಕಮಾಂಡ್ ಸೀಲ್, ಅಂದರೆ ಅಪ್ಪಣೆಯ ಮುದ್ರೆ. ಒಂದನ್ನು ಖರ್ಚು ಮಾಡಿದರೆ ಸರ್ವೆಂಟ್, ಅಂದರೆ ಕರೆಸಿಕೊಂಡ ಆ ಯೋಧ, ಆ ಅಪ್ಪಣೆ ಮೀರುವಂತಿಲ್ಲ. ಲ್ಯಾನ್ಸರ್‌ನ ಸಾವನ್ನು ವಾಕ್ಯ ಮಾಡಿ ನೋಡಿ. ಈಟಿ ಹಿಡಿದು ತನ್ನನ್ನೇ ಇರಿದುಕೊಂಡದ್ದು ಲ್ಯಾನ್ಸರ್. ಹಾಗೆ ಇರಿದುಕೊಳ್ಳುವಂತೆ ಮಾಡಿಸಿದ್ದು ಅವನ ಮಾಸ್ಟರ್ ಕೇನೆತ್‌ನ ಸೀಲ್. ಕೇನೆತ್ ಕೈಯಲ್ಲಿ ಆ ಅಪ್ಪಣೆ ಕೊಡಿಸಿದ್ದು ಎದುರಾಳಿ ಮಾಸ್ಟರ್ ಕಿರಿತ್ಸುಗು, ಕೇನೆತ್ ಮದುವೆಯಾಗಬೇಕಿದ್ದವಳನ್ನು ಒತ್ತೆ ಇಟ್ಟುಕೊಂಡು, ಮೀರಲಾಗದ ಮಾಂತ್ರಿಕ ಕರಾರಿಗೆ ಸಹಿ ಹಾಕಿ. ಆ ಕರಾರಿನಲ್ಲಿ ಕಿರಿತ್ಸುಗು ತಾನು ಇವರನ್ನು ಕೊಲ್ಲುವುದಿಲ್ಲ ಅಂತ ಬರೆದಿದ್ದ. ಆಮೇಲೆ ಅವರಿಬ್ಬರ ಮೇಲೆ ಗುಂಡು ಹಾರಿಸಿದ್ದು ಅವನ ಸಹಾಯಕಿ. ಒಂದು ಸಾವಿಗೆ ಮೂರು ಮೆಟ್ಟಿಲ 'ಇಸು'. ಒಂದೇ ವಾಕ್ಯಕ್ಕೆ ತುರುಕಿದರೆ ಯಾರದೋ ಹೊಣೆ ತಪ್ಪಿಹೋಗುತ್ತೆ. ಇಂಥ ಕಡೆ ಮೆಟ್ಟಿಲಿಗೊಂದು ವಾಕ್ಯ ಬರೀರಿ.

ಎರಡನೇ ತೊಂದರೆ 'ಟ್ವೆಲ್ವ್ ಕಿಂಗ್‌ಡಮ್ಸ್'ದು. 2002ರದು, 45 ಕಂತು, ಈಗಿನವರು ಕಡಿಮೆ ನೋಡಿದ್ದಾರೆ, ಆದರೆ ಈ ವಿಷಯಕ್ಕೆ ಇದನ್ನು ಬಿಟ್ಟು ಬರೆಯಬಾರದು. ಶಾಲೆಯ ಹುಡುಗಿ ಯೋಕೋಳ ಮೈಯೊಳಕ್ಕೆ ಜೋಯೂ ಅನ್ನುವ ಜೀವಿಯನ್ನು ಹೊಗಿಸಿರುತ್ತಾರೆ. ಕತ್ತಿ ಹಿಡಿದು ಹೋರಾಡೋದು ಅದು, ಕೈಕಾಲು ಮಾತ್ರ ಇವಳದ್ದು. ವ್ಯಾಕರಣದ ಪ್ರಕಾರ ಕರ್ತೃ ಜೋಯೂ. ಆದರೆ ಅದು ನೋಡೋದು ಯೋಕೋಳ ಕಣ್ಣಿಂದ. ಭಯಕ್ಕೆ ಇವಳು ಕಣ್ಣು ಮುಚ್ಚಿದರೆ ಅದಕ್ಕೂ ಕತ್ತಲೆ, ಹೋರಾಟ ಅಲ್ಲಿಗೆ ಮುಗೀತು. ಮೈಯೆಲ್ಲ ಬೇರೆಯವರ ವಶದಲ್ಲಿರುವಾಗ ಅವಳ ಕೈಯಲ್ಲಿ ಉಳಿದದ್ದು ಎರಡು ರೆಪ್ಪೆ ಮಾತ್ರ, ಆ ರೆಪ್ಪೆಯನ್ನು ತೆರೆದಿಡೋದೇ ಅವಳ ನಿರ್ಧಾರ. ಮೊದಮೊದಲು ಮುಚ್ಚುತ್ತಾಳೆ. ದೊಡ್ಡ ಕ್ರಿಯಾಪದದ ಕರ್ತೃ ಯಾರು ಅಂತ ಮಾತ್ರ ಹುಡುಕಿದರೆ ಇದು ಕಾಣೋದೇ ಇಲ್ಲ. ಹಾಗಾಗಿ ಮೂರನೇ ಪ್ರಶ್ನೆ ಸೇರಿಸಿಕೊಳ್ಳಿ: ಎಲ್ಲಾ ಕಿತ್ತುಕೊಂಡ ಮೇಲೂ ಪಾತ್ರದ ಕೈಯಲ್ಲಿ ಉಳಿದದ್ದು ಏನು?

ಮೂರನೇದು ತಿರುಗುಮುರುಗು. 'ಹಂಟರ್ ಹಂಟರ್'ನ ಕುರಾಪಿಕಾ ತನ್ನ ಸ್ವಾತಂತ್ರ್ಯವನ್ನೇ ಶಕ್ತಿಯ ಇಂಧನ ಮಾಡಿಕೊಳ್ಳುತ್ತಾನೆ. ನೆನ್ ವಿದ್ಯೆಯಲ್ಲಿ ಕಟ್ಟಳೆ ಬಿಗಿಯಾದಷ್ಟೂ ಬಲ ಹೆಚ್ಚು. ಅವನ ಬಂಧನದ ಸರಪಳಿ ತನ್ನ ಕುಲವನ್ನು ಕೊಂದ ಫ್ಯಾಂಟಮ್ ಟ್ರೂಪ್‌ನವರ ಮೇಲೆ ಮಾತ್ರ ನಡೆಯಬೇಕು, ಬೇರೆಯವರ ಮೇಲೆ ಬಳಸಿದರೆ ತಾನೇ ಸಾಯಬೇಕು ಅಂತ ತನ್ನ ಎದೆಗೇ ಸರಪಳಿ ಹಾಕಿಕೊಂಡಿದ್ದಾನೆ. ಕಟ್ಟಿಕೊಂಡವನು ಅವನೇ. ಅದೇ ಸರಣಿಯ ಕಿಲುವಾಗೆ ಕಟ್ಟು ಹಾಕಿದ್ದು ಅಣ್ಣ ಇಲ್ಲುಮಿ, ಇವನಿಗೆ ಗೊತ್ತಿಲ್ಲದೆ ಹಣೆಯೊಳಗೆ ಸೂಜಿ ಚುಚ್ಚಿ. ತನಗಿಂತ ಬಲವಾದವರು ಎದುರಾದರೆ 'ಓಡು' ಅಂತ ಒಳಗಿಂದ ಕೂಗುತ್ತೆ, ಇವನು ಅದನ್ನು ತನ್ನದೇ ಹೇಡಿತನ ಅಂತ ನಂಬಿರುತ್ತಾನೆ. ಕೈಮೆರಾ ಇರುವೆಗಳ ಭಾಗದಲ್ಲಿ, ಹೋರಾಟದ ನಡುವೆ, ತನ್ನ ಬೆರಳಿಂದ ತಾನೇ ಹಣೆ ಅಗೆದು ಸೂಜಿ ಕೀಳುತ್ತಾನೆ. ಕಿತ್ತ ಕೂಡಲೇ ಎದುರಾಳಿ ಅವನಿಗೆ ಲೆಕ್ಕಕ್ಕೇ ಇಲ್ಲ. ಶಕ್ತಿ ಮೊದಲಿಂದಲೂ ಅಷ್ಟೇ ಇತ್ತು.

ಹೊನ್ನೆಮರ:

ಫ್ರೀರೆನ್ ಬಗ್ಗೆ ಯಾರೂ ಬರೀಲಿಲ್ಲ, ನಾ ಬರೀತೀನ್ರಿ.

ನೀವು ಕೇಳಿದ ಪ್ರಶ್ನೆಗೆ ತಕ್ಕಡಿ ಹಿಡಿದು ಉತ್ತರ ಕೊಡೋ ಪಾತ್ರ ಅಂದ್ರ ಔರಾ ಅನ್ನೋ ರಾಕ್ಷಸಿ. ತನ್ನ ಆತ್ಮ, ಎದುರಾಳಿ ಆತ್ಮ ಎರಡನ್ನೂ ತಕ್ಕಡಿಗೆ ಹಾಕ್ತಾಳ. ಯಾರ ಮಾನಾ (ಮಂತ್ರಶಕ್ತಿ) ಹೆಚ್ಚು ತೂಗುತ್ತೋ ಅವರು ಇನ್ನೊಬ್ಬರನ್ನ ಗೊಂಬಿ ಹಂಗ ಆಡಿಸಬಹುದು. ಬಲ ಹೆಚ್ಚಿದ್ದವರದೇ ನಿರ್ಧಾರ, ಅಷ್ಟ ಸರಳ ನಿಯಮ. ಆದ್ರ ಅವಳ ಸೈನ್ಯ ನೋಡ್ರಿ, ಒಬ್ಬನಿಗೂ ತಲಿ ಇಲ್ಲ. ಯಾಕ? ಮನಸ್ಸು ಗಟ್ಟಿ ಇದ್ದವರು ಈ ಮಂತ್ರಕ್ಕ ಸ್ವಲ್ಪ ಹೊತ್ತು ಎದುರು ನಿಲ್ಲಬಹುದು. ಅದಕ್ಕ ಹಿಡದ ಕೂಡಲೇ ತಲಿ ತೆಗಿಸ್ತಾಳ. ಶಕ್ತಿಯಿಂದ ಇಚ್ಛೆಯನ್ನ ಪೂರ್ತಿ ಗೆಲ್ಲಾಕ ಆಗೂದಿಲ್ಲ ಅಂತ ಅವಳಿಗೇ ಗೊತ್ತು. ಆ ತಲಿ ಇಲ್ಲದ ಕವಚಗಳೇ ಅದಕ್ಕ ಸಾಕ್ಷಿ.

ಹತ್ತನೇ ಕಂತಿನ್ಯಾಗ ತಕ್ಕಡಿ ಫ್ರೀರೆನ್ ಕಡೆ ವಾಲುತ್ತದ. 500 ವರ್ಷ ಬದುಕಿದ ಔರಾ ಎದುರಿಗೆ 1000 ವರ್ಷ ದಾಟಿದ ಎಲ್ಫ್ ಮಾಂತ್ರಿಕಿ ಫ್ರೀರೆನ್, ಗುರು ಫ್ಲಾಮ್ಮೆ ಹೇಳಿಕೊಟ್ಟಂಗ ಮಾನಾ ಅಡಗಿಸಿಕೊಂಡೇ ಬದುಕಿದಾಕಿ. ರಾಕ್ಷಸರ ಲೋಕದಾಗ ಮಾನಾ ಅಂದ್ರ ಪದವಿ, ಅದನ್ನ ಕಡಿಮಿ ಮಾಡಿ ತೋರಿಸೂದು ಅವರ ತಲಿಗೆ ಹೊಳಿಯೂದೇ ಇಲ್ಲ. ಔರಾ ಸೋತದ್ದು ಬಲಕ್ಕ ಅಷ್ಟ ಅಲ್ಲ, ತಪ್ಪು ಲೆಕ್ಕ ನಂಬಿ ತಾನೇ ತಕ್ಕಡಿ ಎತ್ತಿದ್ದಕ್ಕ.

ಇದಕ್ಕಿಂತ ನನಗ ಹೆಚ್ಚು ಬೇಕಾಗೂದು ಸ್ವಲ್ಪ ಮೊದಲಿನ ದೃಶ್ಯ. ಫ್ರೀರೆನ್ ಆ ತಲಿ ಇಲ್ಲದ ಸೈನ್ಯವನ್ನ ಒಂದೇ ಏಟಿಗೆ ಹಾರಿಸಿಬಿಡಬಹುದಿತ್ತು. ಹಂಗ ಮಾಡೂದಿಲ್ಲ. ಒಂದೊಂದಾಗಿ ಮಂತ್ರ ಬಿಡಿಸ್ತಾಳ, ಅದಕ್ಕ ಮಾನಾ ಖರ್ಚು ಜಾಸ್ತಿ. ಹಿಂದ ಹಂಗ ಹಾರಿಸಿದ್ದಕ್ಕ ಆಕಿ ಜೊತಿಗಾರ ವೀರ ಹಿಮ್ಮೆಲ್ ಬೈದಿದ್ದ, ಅವು ಯಾರದೋ ದೇಹ ಅಂತ. ಹಿಮ್ಮೆಲ್ ಸತ್ತು ಹೋಗ್ಯಾನಲ್ಲ, ಈಗ್ಯಾಕ ಅಂತ ಔರಾ ಕೇಳ್ತಾಳ. ಆಕಿಗೆ ಖರೇನೇ ತಿಳಿಯೂದಿಲ್ಲ. ಬಲ ಇದ್ದೂ ಬಳಸದ ಇರೂದು, ಯಾರೂ ನೋಡದಿದ್ರೂ, ಕೇಳಾಕ ಯಾರೂ ಇರದಿದ್ರೂ. ನಿಮ್ಮ ಪಟ್ಟಿಯಾಗ ಇದಕ್ಕೊಂದು ಬ್ಯಾರೇ ಅಂಕಣ ಬೇಕ್ರಿ.

ನೀಲಿಅಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಕ್ರಿಯಾಪದದ ಲೆಕ್ಕ ಹಚ್ಚಿದ ಕೂಡಲೇ ಪಟ್ಟಿಯ ಅರ್ಧ ತಾನಾಗೇ ಬಿಡಿಸಿಕೊಂಡಿತು. ಹೊನ್ನೆಮರ ಅವರ 'ಬಳಸದೆ ಇಟ್ಟದ್ದು' ಅಂಕಣವನ್ನೂ ಸೇರಿಸಿದೆ. ಎರೆನ್ ಗಂಟು ಹಾಗೇ ಇದೆ. ಅವನು ಮಾಡಿದ್ದಾ, ಅವನ ಕೈಯಲ್ಲಿ ಮಾಡಿಸಿದ್ದಾ? ಮಾಡಿಸಿದ್ದಾದರೆ, ಯಾರು? ಶಕ್ತಿ ಬಿಟ್ಟುಕೊಡೋ ಪ್ರಶ್ನೆಯೂ ಉಳಿದಿದೆ.

ಅರ್ಧಚಂದ್ರ:

ಎರೆನ್‌ಗೆ ಎರಡು ಕಂತು ಒಟ್ಟಿಗೆ ಇಟ್ಟುಕೊಳ್ಳಿ, ಒಟ್ಟು ಲೆಕ್ಕದಲ್ಲಿ 79 ಮತ್ತು 80, ಕೊನೆಯ ಸೀಸನ್‌ನ ಎರಡನೇ ಭಾಗ, 2022.

79ರಲ್ಲಿ ಎರೆನ್ ಅಪ್ಪ ಗ್ರಿಶಾ, ಹಿಸ್ಟೋರಿಯಾಳ ರೈಸ್ ಕುಟುಂಬದ ಎದುರು ನಿಂತಿದ್ದಾನೆ. ವೈದ್ಯ ಅವನು, ಮಕ್ಕಳನ್ನ ಕೊಲ್ಲೋಕೆ ಕೈ ಬರಲ್ಲ. ಆಗ ಮುಂದಿನ ಕಾಲದ ಎರೆನ್ ನೆನಪಿನ ದಾರಿಯಲ್ಲಿ ಬಂದು ಕಿವಿಯಲ್ಲಿ ಹೇಳಿ ಹೇಳಿ ಏಳಿಸ್ತಾನೆ. ಗ್ರಿಶಾ ಕೊಂದ, ಎರೆನ್ ಕೊಲ್ಲಿಸಿದ. ಇಲ್ಲಿ ಎರೆನ್ ತನ್ನದೇ ಹಿಂದಿನ ದಿನಗಳ ಕರ್ತೃ. ಆದರೆ ಹಾಗೆ ಮಾಡಿಸಬೇಕು ಅಂತ ಅವನಿಗೆ ಹೊಳೆದದ್ದು ಹಿಸ್ಟೋರಿಯಾಳ ಕೈಗೆ ಮುತ್ತಿಟ್ಟ ದಿನ ಬಂದ ನೆನಪಿಂದ, ಅದರಲ್ಲಿ ಆಗಲೇ ಎಲ್ಲಾ ಮುಗಿದಿತ್ತು. ಮಾಡಿಸಿದವನೂ ಮಾಡಿದವನೂ ಒಬ್ಬನೇ ಆಗಿ ಸುತ್ತು ಮುಚ್ಚಿಕೊಳ್ಳುತ್ತೆ.

ಆದ್ದರಿಂದ 'ಯಾರು' ಅನ್ನೋ ಪ್ರಶ್ನೆಯನ್ನ ಇವನ ಮಟ್ಟಿಗೆ ಬಿಡಿ, 'ಬೇಕಿತ್ತಾ' ಅಂತ ಕೇಳಿ. ತಮ್ಮ ಜನರನ್ನ ಸುತ್ತಿದ್ದ ಗೋಡೆಯಾಚೆ ಇದ್ದ ಲೋಕ ತಾನು ಕಲ್ಪಿಸಿಕೊಂಡಂತೆ ಖಾಲಿ ಇರಲಿಲ್ಲ ಅಂತ ಕಂಡು ಅವನಿಗೆ ನಿರಾಸೆ ಆಯ್ತು, ಅದನ್ನ ಅವನೇ ಒಪ್ಪಿಕೊಳ್ತಾನೆ. ಮೊದಲೇ ಗೊತ್ತಿದ್ದರೂ ಆ ಲೋಕವನ್ನ ಅಳಿಸೋ ನಡೆ ಅವನ ಬಯಕೆಗೆ ಹೊರಗಿನದಾಗಿರಲಿಲ್ಲ. ನನ್ನ ತೀರ್ಪು: ಒಲ್ಲೆ ಅನ್ನೋ ದಾರಿ ಅವನಿಗೆ ಕಾಣಲಿಲ್ಲ, ಆದರೆ ಹೊಣೆ ಅವನದೇ. ಎರಡನ್ನೂ ಬರೀರಿ, ಒಂದನ್ನ ಅಳಿಸಿ ಇನ್ನೊಂದನ್ನ ಉಳಿಸಬೇಡಿ.

80ರಲ್ಲಿ ಯುಮಿರ್, ಮೊದಲ ಟೈಟನ್. 2000 ವರ್ಷದಿಂದ ಮರಳಲ್ಲಿ ಟೈಟನ್‌ಗಳನ್ನ ಮಾಡುತ್ತಾ ಕೂತಿದ್ದಾಳೆ. ಎಲ್ಲಾ ಟೈಟನ್ ಶಕ್ತಿಯ ಮೂಲ ಅವಳೇ, ಅಪ್ಪಣೆ ಬಂದರೆ ಮಾಡೋದು ಬಿಟ್ಟು ಬೇರೇನೂ ಇಲ್ಲ. ಎರೆನ್ ಮಲ ಅಣ್ಣ, ರಾಜರಕ್ತದ ಝೀಕ್ ಅಪ್ಪಣೆ ಕೊಡ್ತಾನೆ. ಎರೆನ್ ಹಿಂದಿನಿಂದ ಹಿಡಿದುಕೊಂಡು, ನೀನು ಗುಲಾಮಳೂ ಅಲ್ಲ, ದೇವರೂ ಅಲ್ಲ, ಬರೀ ಮನುಷ್ಯಳು, ನೀನೇ ನಿರ್ಧರಿಸು ಅಂತಾನೆ. ಅಲ್ಲಿಯವರೆಗೆ ಅವಳ ಕಣ್ಣನ್ನ ನೆರಳಿಂದ ಮುಚ್ಚಿಯೇ ಬಿಡಿಸಿದ್ದಾರೆ. ಆ ಮಾತಿನ ನಂತರ ಮೊದಲ ಸಲ ಕಣ್ಣು ಕಾಣುತ್ತೆ, ತುಂಬಾ ನೀರು.

ಕೆಂಪುಹೆಂಚು:

ಶಕ್ತಿ ಬಿಡುವ ಪ್ರಶ್ನೆಗೆ: ಕಳೆದುಹೋದದ್ದು ಬೇರೆ, ಕೊಟ್ಟದ್ದು ಬೇರೆ. ಪರೀಕ್ಷೆ ಮಾಡಲಿಕ್ಕೆ 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' 63ನೇ ಕಂತು ಇಟ್ಟುಕೊಳ್ಳಿ, ಅಲ್ಲಿ ಪ್ರತಿ ದಾರಿಯನ್ನೂ ತೆರೆದು ತೋರಿಸುತ್ತಾರೆ. ನಾಯಕ ಎಡ್ ರಸವಾದಿ, ಅವನಿಗೆ ತಮ್ಮ ಆಲ್‌ನನ್ನು ಕರೆತರಬೇಕು. ಮನುಷ್ಯರ ಪ್ರಾಣದಿಂದ ಮಾಡಿದ ಫಿಲಾಸಫರ್ಸ್ ಸ್ಟೋನ್ ಬಳಸು ಅನ್ನುತ್ತಾರೆ, ಎಡ್ ಒಲ್ಲೆ ಅನ್ನುತ್ತಾನೆ, ಅದು ತಮ್ಮನಿಗೆ ಕೊಟ್ಟ ಮಾತು. ಅಪ್ಪ ಹೋಹೆನ್‌ಹೈಮ್ ನನ್ನ ಪ್ರಾಣ ತಗೋ ಅನ್ನುತ್ತಾನೆ, ಅದಕ್ಕೂ ಒಲ್ಲೆ. ಎರಡು ದಾರಿ ತಾನೇ ಮುಚ್ಚಿದ ಮೇಲೆ ಒಳಗೆ ಹೋಗಿ, ತನ್ನ ಸತ್ಯದ ಬಾಗಿಲನ್ನೇ, ಅಂದರೆ ರಸವಿದ್ಯೆಯನ್ನೇ ಬೆಲೆಯಾಗಿ ಇಡುತ್ತಾನೆ. ಇಲ್ಲಿ ಬೆಲೆ ನಿಗದಿ ಮಾಡಿದವನು ಎಡ್. ಸಯಾಕಾಳಿಗೆ ಬೆಲೆ ನಿಗದಿ ಮಾಡಿದ್ದು ಕ್ಯೂಬೇ. ವ್ಯತ್ಯಾಸ ಅಷ್ಟರಲ್ಲೇ ಇದೆ. ಮುಂದಿನ ಕಂತಿನಲ್ಲಿ ಅವನು ಬರಿಗೈಯಲ್ಲಿ ಮನೆಯ ಮಾಡು ರಿಪೇರಿ ಮಾಡುವುದು ಆ ನಿರ್ಧಾರಕ್ಕೆ ಅಲಂಕಾರ, ಪುರಾವೆ ಅಲ್ಲ.

'ರೀ ಝೀರೋ'ದ ಸುಬಾರುವನ್ನು ಪಟ್ಟಿಗೆ ಸೇರಿಸುವುದಾದರೆ ಎಚ್ಚರ. ಸತ್ತು ಮರಳುವುದು ಶಕ್ತಿ ಅಂತ ಎಲ್ಲರೂ ಬರೆಯುತ್ತಾರೆ. ಎಲ್ಲಿಗೆ ಮರಳಬೇಕು ಅಂತ ಆರಿಸುವುದು ಅವನಲ್ಲ, ಅದರ ವಿಷಯ ಯಾರಿಗಾದರೂ ಹೇಳಲಿಕ್ಕೆ ಹೋದರೆ ಕಪ್ಪು ಕೈ ಬಂದು ಹೃದಯ ಹಿಂಡುತ್ತದೆ. ಅವನ ಕರ್ತೃತ್ವ ಇರುವುದು ಎರಡು ಸಾವಿನ ನಡುವಿನ ದಿನಗಳಲ್ಲಿ. ಅವುಗಳನ್ನೇ ಎಣಿಸಿ.

ನೀಲಿಅಂಚು:

ಒಂದೇ ಒಂದು ಉಳಿಯಿತು, ಸುರಗಿ ಅವರಿಗೆ. ಯೋಕೋಳ ಸಿಂಹಾಸನವೇ ಬೇರೆಯವರು ಕೊಟ್ಟದ್ದಲ್ವಾ? ಅರಸರನ್ನ ಆರಿಸೋ ದೈವೀ ಪ್ರಾಣಿ ಕಿರಿನ್ ಬಂದು ಕಾಲಿಗೆ ಬಿದ್ದದ್ದರಿಂದ ಅವಳು ರಾಣಿ. ಹಾಗಾದರೆ ಅಲ್ಲಿಂದ ಮುಂದಿನದೆಲ್ಲ 'ಅವಳಿಗೆ ಬಂತು' ಗುಂಪಿಗೇ ಹೋಗಬೇಕಾ?

ಸುರಗಿ:

ಸಿಂಹಾಸನ 'ಬಂತು' ಗುಂಪಿಗೇ. ಆಮೇಲೆ ಅವಳು ಮಾಡಿದ್ದು ಬೇರೆ ಸಾಲಿಗೆ. ನಾಡು ಆಳುವ ಇಬ್ಬರನ್ನು ಜೊತೆಯಲ್ಲಿ ಇಡಿ. ಬ್ರದರ್‌ಹುಡ್‌ನ ದೇಶದ ಮುಖ್ಯಸ್ಥ ಕಿಂಗ್ ಬ್ರಾಡ್ಲಿಗೆ (ಕಿಂಗ್ ಅನ್ನೋದು ಅವನ ಹೆಸರು) ಪದವಿ, ಸೈನ್ಯ, ಮಗ ಎಲ್ಲಾ ಇನ್ನೊಬ್ಬರು ಕೊಟ್ಟದ್ದು. ತಾನೇ ಆರಿಸಿದ್ದು ಹೆಂಡತಿಯನ್ನು ಮಾತ್ರ ಅಂತ ಅವನೇ ಹೇಳುತ್ತಾನೆ. ಅವನ ಸಾಲಿನಲ್ಲಿ ಅದೊಂದೇ ವಾಕ್ಯ ಬರೀರಿ.

ಯೋಕೋ ರಾಣಿಯಾದ ಮೇಲೂ ಬಹಳ ದಿನ ಮಂತ್ರಿಗಳು ಹೇಳಿದ್ದಕ್ಕೆ ತಲೆಯಾಡಿಸುತ್ತಿರುತ್ತಾಳೆ. ಅರಮನೆ ಬಿಟ್ಟು ಹೋಗಿ, ಜನರ ನಡುವೆ ಇದ್ದು, ದಂಗೆಯೊಂದರ ನಡುವೆ ಸಿಕ್ಕಿ ಮರಳಿ ಬಂದ ಮೇಲೆ ಮೊದಲ ರಾಜಾಜ್ಞೆ ಹೊರಡಿಸುತ್ತಾಳೆ. ತೆರಿಗೆಯ ಬಗ್ಗೆ ಅಲ್ಲ, ಸೈನ್ಯದ ಬಗ್ಗೆಯೂ ಅಲ್ಲ. ಪೂಜೆ, ವಿಧಿ, ಪರನಾಡಿನ ಅತಿಥಿಗಳ ಸಂದರ್ಭ ಬಿಟ್ಟರೆ ಇನ್ನು ಯಾರೂ ಯಾರ ಎದುರೂ ನೆಲಕ್ಕೆ ಹಣೆ ಹಚ್ಚಿ ಅಡ್ಡ ಬೀಳಬಾರದು ಅಂತ. ಎದ್ದು ನಿಲ್ಲಿ, ಮುಖ ನೋಡಿ ಮಾತಾಡಿ ಅಂತ. ಆ ಆಜ್ಞೆ ಅವಳ ಬಾಯಿಂದ ಬರುವಾಗ ಸಭೆಯಲ್ಲಿದ್ದ ಅಧಿಕಾರಿಗಳ ಮುಖಗಳನ್ನು ಒಂದೊಂದಾಗಿ ನೋಡಿ. ಅವಳ ಕಿರಿನ್ ಕೇಕಿ ಏನೋ ಆಕ್ಷೇಪ ತೆಗೀತಾನೆ, ಅವಳು ಕೇಳಿಸಿಕೊಂಡು ತನ್ನದನ್ನೇ ನಿಲ್ಲಿಸುತ್ತಾಳೆ. ಅವಳ ಸಾಲಿಗೆ ಅದನ್ನು ಹಾಕಿ.